ಪ್ಲೇಆಫ್ ದಾಖಲೆಯಲ್ಲಿ ಆ ‘ಸೋಲು’ ಏನನ್ನು ಎಣಿಸುತ್ತದೆ? ಒಂದು ಅಧ್ಯಯನ ಟಿಪ್ಪಣಿ

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್. ಡ್ಯಾನ್ ಮರೀನೊ, ಪ್ಲೇಆಫ್‌ನಲ್ಲಿ 8 ಗೆಲುವು, 10 ಸೋಲು. ಟ್ರೆಂಟ್ ಡಿಲ್ಫರ್, 5 ಗೆಲುವು, 1 ಸೋಲು.

ಈ ಎರಡು ಸಾಲನ್ನು ನೋಟ್‌ಬುಕ್‌ನಲ್ಲಿ ಅಕ್ಕಪಕ್ಕ ಬರೆದುಕೊಂಡು ಒಂದು ವಾರ ತಲೆ ಕೆರೆದುಕೊಂಡಿದ್ದೇನೆ. ಮರೀನೊ ಎನ್‌ಎಫ್‌ಎಲ್ ಕಂಡ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ (ಪಾಸ್ ಎಸೆದು ತಂಡದ ದಾಳಿ ನಡೆಸುವವರಲ್ಲಿ) ಒಬ್ಬ. 1984ರ ಸೀಸನ್ನಿನಲ್ಲಿ 48 ಟಚ್‌ಡೌನ್ ಪಾಸ್ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದವನು. ಡಿಲ್ಫರ್ ಆ ಸಾಲಿನವನಲ್ಲ. ಅಂಕಿ ಮಾತ್ರ ಉಲ್ಟಾ ಹೇಳುತ್ತದೆ. ಹಾಗಾದರೆ ತಪ್ಪು ಅಂಕಿಯದ್ದೋ, ನಾನು ಅದನ್ನು ಓದುವ ರೀತಿಯದ್ದೋ? ಬಹುಪಾಲು ನನ್ನದೇ ಅಂತ ಈಗ ಗೊತ್ತಾಗಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಆಟದ ನಿಯಮ ನಿಮಗೆ ಗೊತ್ತು ಅಂದುಕೊಂಡಿದ್ದೇನೆ. ಒಂದೇ ಒಂದು ಎಚ್ಚರಿಕೆ: ಇಲ್ಲಿರುವ ಇಸವಿ ಸೀಸನ್ನಿನದು. 2012ರ ಸೀಸನ್ನಿನ ಪ್ಲೇಆಫ್ ನಡೆಯುವುದು 2013ರ ಜನವರಿಯಲ್ಲಿ. ಮೊದಲ ತಿಂಗಳಿಡೀ ಇದರಲ್ಲೇ ಗೊಂದಲ ಮಾಡಿಕೊಂಡಿದ್ದೆ.

ನಾನು ಎಡವಿದ ಜಾಗ

ಲೀಗ್ ಪಂದ್ಯಗಳ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ಪ್ರತಿ ತಂಡಕ್ಕೂ ಅಷ್ಟೇ ಪಂದ್ಯ. ಗೆದ್ದರೆ ಆ ಕಡೆ ಒಂದು, ಸೋತರೆ ಈ ಕಡೆ ಒಂದು. ಜಾಸ್ತಿ ಸೋತವನು ಕೆಟ್ಟವನು. ಪ್ಲೇಆಫ್ ದಾಖಲೆಯನ್ನೂ ನಾನು ಹೀಗೇ ಓದುತ್ತಿದ್ದೆ. ಅಲ್ಲೇ ಬಿದ್ದದ್ದು.

ಎನ್‌ಎಫ್‌ಎಲ್ ಪ್ಲೇಆಫ್‌ನಲ್ಲಿ ಒಮ್ಮೆ ಸೋತರೆ ಮನೆಗೆ. ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದವರಿಗೆ ಸೋತರೂ ಇನ್ನೊಂದು ಅವಕಾಶ ಸಿಗುತ್ತದಲ್ವಾ, ಅದು ಇಲ್ಲಿಲ್ಲ. ಹಾಗಾಗಿ ಒಂದು ಸೀಸನ್ನಿನಲ್ಲಿ ಯಾರೂ ಎರಡು ಸಲ ಸೋಲಲು ಸಾಧ್ಯವೇ ಇಲ್ಲ. ಪ್ಲೇಆಫ್‌ಗೆ ಹೋದವನಿಗೆ ಎರಡೇ ದಾರಿ. ಕಪ್ ಗೆದ್ದರೆ ಆ ವರ್ಷ ಸೋಲು ಸೊನ್ನೆ. ಗೆಲ್ಲದಿದ್ದರೆ ಸರಿಯಾಗಿ ಒಂದು. ಮೊದಲ ಪಂದ್ಯದಲ್ಲೇ ಬಿದ್ದರೂ ಒಂದು, ಸೂಪರ್ ಬೌಲ್‌ವರೆಗೆ, ಅಂದರೆ ಫೈನಲ್‌ವರೆಗೆ, ಹೋಗಿ ಕೊನೇ ಸೆಕೆಂಡಿನಲ್ಲಿ ಬಿದ್ದರೂ ಒಂದು.

ಈಗ ಇದನ್ನು ಇಡೀ ವೃತ್ತಿಜೀವನಕ್ಕೆ ಕೂಡಿಸಿ:

ಸೋಲು = ಪ್ಲೇಆಫ್‌ಗೆ ಹೋದ ಸೀಸನ್‌ಗಳು − ಗೆದ್ದ ಕಪ್‌ಗಳು

ನಂಬಿಕೆ ಬರದೆ ಒಬ್ಬೊಬ್ಬರನ್ನೇ ಹಾಕಿ ನೋಡಿದೆ. ಟಾಮ್ ಬ್ರೇಡಿ 20 ಸೀಸನ್ ಪ್ಲೇಆಫ್ ಆಡಿದ, 7 ಕಪ್. ಸೋಲು 13 ಬರಬೇಕು. ದಾಖಲೆ 35-13. ಸರಿ. ಜೋ ಮೊಂಟಾನಾ 11 ಸೀಸನ್, 4 ಕಪ್. 16-7. ಸರಿ. ಪೇಟನ್ ಮ್ಯಾನಿಂಗ್ 15 ಸೀಸನ್, 2 ಕಪ್. 14-13. ಇದೂ ಸರಿ. ಪ್ಯಾಟ್ರಿಕ್ ಮಹೋಮ್ಸ್ 2024ರ ಸೀಸನ್ ಮುಗಿಯುವವರೆಗೆ 7 ಸೀಸನ್, 3 ಕಪ್, 17-4. ಮರೀನೊ 10 ಸೀಸನ್, ಕಪ್ ಇಲ್ಲ. ಹಾಗಾಗಿ 10 ಸೋಲು.

ಮರೀನೊನ ಆ ‘10’ ಅನ್ನು ಈಗ ಇನ್ನೊಮ್ಮೆ ನೋಡಿ. ನಾನು ಅದನ್ನು ‘ಹತ್ತು ಸಲ ಕೈಕೊಟ್ಟ’ ಅಂತ ಓದಿದ್ದೆ. ಅದು ಹೇಳುವುದು ‘ಹತ್ತು ವರ್ಷ ತಂಡದ ಜೊತೆ ಒಳಗೆ ಹೋದ, ಒಮ್ಮೆಯೂ ಕಪ್ ಬರಲಿಲ್ಲ’ ಅಂತ. ಕಪ್ ಬರಲಿಲ್ಲ ಅನ್ನುವುದು ನಮಗೆ ಮೊದಲೇ ಗೊತ್ತಿತ್ತು. ಅದನ್ನು ಬಿಟ್ಟರೆ ಆ ಅಂಕಿಯಲ್ಲಿ ಉಳಿಯುವುದು ಒಳಗೆ ಹೋದ ಸಂಖ್ಯೆ ಮಾತ್ರ. ಅಂದರೆ ಹೊಗಳಬೇಕಾದ ಅಂಕಿಯನ್ನೇ ಹಿಡಿದು ನಾವು ಬೈಯುತ್ತಿದ್ದೇವೆ.

ಒಳಗೇ ಹೋಗದವನಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ. 2002ರಲ್ಲಿ ಬ್ರೇಡಿಯ ಪೇಟ್ರಿಯಟ್ಸ್ 9-7 ಮಾಡಿ ಪ್ಲೇಆಫ್ ತಪ್ಪಿಸಿಕೊಂಡಿತು. ಆತನ ಪ್ಲೇಆಫ್ ದಾಖಲೆಯಲ್ಲಿ ಆ ವರ್ಷದ ಗುರುತೇ ಇಲ್ಲ. ಇನ್ನೊಂದು ಪಂದ್ಯ ಗೆದ್ದು, ಒಳಗೆ ಹೋಗಿ ಸೋತಿದ್ದರೆ ಅದೇ ದಾಖಲೆಗೆ ಒಂದು ಕಪ್ಪು ಚುಕ್ಕೆ ಬೀಳುತ್ತಿತ್ತು. ಪರೀಕ್ಷೆಗೆ ಗೈರಾದವನ ಅಂಕಪಟ್ಟಿಯಲ್ಲಿ ಫೇಲ್ ಕಾಣಲ್ಲ, ಬರೆದವನದ್ದರಲ್ಲಿ ಮಾತ್ರ ಕಾಣುತ್ತದೆ ಅಂದ ಹಾಗೆ.

ಒಂದು ವಿನಾಯಿತಿ ಇದೆ. ಈ ಸೂತ್ರ ಕೂಡಬೇಕಾದರೆ ಆ ಸೀಸನ್ನಿನ ಕೊನೆಯ ಪಂದ್ಯವನ್ನು ಅದೇ ಕ್ವಾರ್ಟರ್‌ಬ್ಯಾಕ್ ಶುರು ಮಾಡಿರಬೇಕು. ಗಾಯಗೊಂಡು ಹೊರಗೆ ಕೂತಿದ್ದರೆ ಲೆಕ್ಕ ತಪ್ಪುತ್ತದೆ. ಕೋಚ್‌ಗಳಿಗೆ ಆ ತಾಪತ್ರಯ ಇಲ್ಲ, ಅವರಿಗೆ ಸೂತ್ರ ಇನ್ನೂ ಚೆನ್ನಾಗಿ ಕೂರುತ್ತದೆ. ಬಿಲ್ ಬೆಲಿಚಿಕ್ 19 ಸೀಸನ್, 6 ಕಪ್, 31-13. ಕಳೆದು ನೋಡಿ.

ನನ್ನ ಶಾರ್ಟ್‌ಕಟ್, ಮತ್ತು ಅದು ಕೈಕೊಟ್ಟದ್ದು

ಸೋಲಿನ ಅಂಕಿಯನ್ನು ಬಿಟ್ಟು, ಗೆಲುವನ್ನು ಹೋದ ಸೀಸನ್‌ಗಳಿಂದ ಭಾಗಿಸಿದೆ. ಒಂದು ಸಲ ಒಳಗೆ ಹೋದರೆ ಎಷ್ಟು ಪಂದ್ಯ ಗೆದ್ದು ಬರುತ್ತಾನೆ ಅಂತ. ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದ ಹಾಗೆ ಅಂದುಕೊಂಡರೆ, ನಾಲ್ಕು ಸುತ್ತಿಗೆ ಸರಾಸರಿ ½ + ¼ + ⅛ + 1/16. ಅಂದರೆ 15/16, ಹತ್ತಿರ ಹತ್ತಿರ ಒಂದು. ಒಂದು ಬಂದರೆ ಸಾಧಾರಣ, ಅದಕ್ಕಿಂತ ಮೇಲಿದ್ದರೆ ಒಳ್ಳೆಯದು.

ಬ್ರೇಡಿ 1.75. ಮೊಂಟಾನಾ 1.45. ಪೇಟನ್ 0.93, ನಾಣ್ಯಕ್ಕೆ ಸರಿಸಮ. ಮರೀನೊ 0.8. ಕ್ಯಾನ್ಸಸ್ ಸಿಟಿಯ ಮಹೋಮ್ಸ್ 2.43. ಬಫಲೋದ ಜೋಶ್ ಆಲನ್ 2024ರವರೆಗೆ 7-6, ಅಂದರೆ ಆರು ಸಲ ಹೋಗಿ ಏಳು ಗೆಲುವು, 1.17. ಕಪ್ ಇಲ್ಲದ ಆಲನ್ ಪೇಟನ್‌ಗಿಂತ ಮೇಲೆ ಬಂದಾಗ ತುಂಬಾ ಖುಷಿಯಾಯಿತು. ಏನೋ ಕಂಡುಹಿಡಿದೆ ಅಂತ ಬೀಗಿದೆ.

ಆಮೇಲೆ ಡಿಲ್ಫರ್‌ನನ್ನು ಹಾಕಿದೆ. ಎರಡು ಸೀಸನ್, ಐದು ಗೆಲುವು. 2.5. ಮಹೋಮ್ಸ್‌ಗಿಂತ ಮೇಲೆ!

ಎರಡೇ ಸಲ ಹೋದವನ ಸರಾಸರಿಗೆ ಅರ್ಥ ಇಲ್ಲ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಅವು ಯಾರ ಗೆಲುವು ಅನ್ನುವುದು. 2000ನೇ ಸೀಸನ್ನಿನ ಬಾಲ್ಟಿಮೋರ್ ರೇವನ್ಸ್ ಲೀಗ್‌ನ 16 ಪಂದ್ಯಗಳಲ್ಲಿ ಎದುರಾಳಿಗಳಿಗೆ ಕೊಟ್ಟದ್ದು 165 ಅಂಕ. ಪ್ಲೇಆಫ್‌ನ ನಾಲ್ಕು ಪಂದ್ಯ ಸೇರಿ 23. ಅಂಥ ಡಿಫೆನ್ಸ್ ಹಿಂದೆ ಇದ್ದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎದುರಾಳಿಗೆ ಕೊಡದೆ ಇದ್ದರೆ ಸಾಕು. ರೇವನ್ಸ್‌ಗೂ ಇದು ಗೊತ್ತಿತ್ತು. ಕಪ್ ಗೆದ್ದ ಮುಂದಿನ ಸೀಸನ್ನಿಗೇ ಡಿಲ್ಫರ್ ಬದಲು ಬೇರೆಯವನನ್ನು ತಂದರು.

ಬೈ ಎಂಬ ಬಲೆ

ಚಿಕ್ಕ ವಿಷಯ, ಆದರೆ ಲೆಕ್ಕ ಕೆಡಿಸುತ್ತದೆ. ಲೀಗ್‌ನಲ್ಲಿ ಚೆನ್ನಾಗಿ ಆಡಿದವರಿಗೆ ಮೊದಲ ಸುತ್ತು ರಜೆ, ಅದೇ ಬೈ. 2019ರವರೆಗೆ ಪ್ರತಿ ಕಾನ್ಫರೆನ್ಸ್‌ನಲ್ಲಿ (ಎನ್‌ಎಫ್‌ಎಲ್‌ನ ಎರಡು ಭಾಗಗಳಲ್ಲಿ ಒಂದೊಂದರಲ್ಲೂ) ಇಬ್ಬರಿಗೆ, 2020ರಿಂದ ಒಬ್ಬರಿಗೆ ಮಾತ್ರ. ರಜೆ ತೆಗೆದುಕೊಂಡು ಎರಡನೇ ಸುತ್ತಿನಲ್ಲಿ ಸೋತರೆ 0-1. ರಜೆ ಸಿಗದೆ ಮೊದಲ ಸುತ್ತು ಗೆದ್ದು, ಎರಡನೆಯದರಲ್ಲಿ ಸೋತರೆ 1-1. ಇಬ್ಬರೂ ನಿಂತದ್ದು ಒಂದೇ ಮೆಟ್ಟಿಲ ಮೇಲೆ. ಲೀಗ್‌ನಲ್ಲಿ ಚೆನ್ನಾಗಿ ಆಡಿದವನ ದಾಖಲೆಯೇ ಕೆಟ್ಟದಾಗಿ ಕಾಣುತ್ತದೆ. ಪೇಟನ್ ಒಂಬತ್ತು ಸೀಸನ್‌ಗಳಲ್ಲಿ ಮೊದಲ ಪಂದ್ಯದಲ್ಲೇ ಸೋತ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಹಲವು ರಜೆ ಮುಗಿಸಿ ಬಂದವು.

ಡೆನ್ವರ್, 2013ರ ಜನವರಿ 12

ಅಂಥದ್ದರಲ್ಲಿ ಒಂದು ಇದು. ಕೊನೆಯ ಎರಡು ನಿಮಿಷವನ್ನು ಐದಾರು ಸಲ ನೋಡಿದ್ದೇನೆ.

ಪೇಟನ್ ಆಗ ಡೆನ್ವರ್ ಬ್ರಾಂಕೋಸ್‌ನಲ್ಲಿದ್ದ. ಲೀಗ್‌ನಲ್ಲಿ 13-3, ಮೊದಲ ಸುತ್ತು ರಜೆ. ಎದುರಿಗೆ ಜೋ ಫ್ಲ್ಯಾಕೋನ ರೇವನ್ಸ್, 10-6. ಮೈ ಕೊರೆಯುವ ಚಳಿ. ಡೆನ್ವರ್ 35-28 ಮುಂದೆ, ಅರ್ಧ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಬಾಕಿ. ಫ್ಲ್ಯಾಕೋ ಬಲಗಡೆ ಉದ್ದಕ್ಕೆ ಎಸೆದ. ಡೆನ್ವರ್‌ನ ಸೇಫ್ಟಿ ರಹೀಮ್ ಮೂರ್ ಎಲ್ಲರಿಗಿಂತ ಹಿಂದೆ ಕಾಯುತ್ತಿದ್ದ. ಅವನ ಕೆಲಸ ಒಂದೇ, ಯಾರನ್ನೂ ತನ್ನ ಬೆನ್ನ ಹಿಂದೆ ಬಿಡಬಾರದು. ಚೆಂಡು ಎಲ್ಲಿ ಇಳಿಯುತ್ತದೆ ಅಂತ ಅಂದಾಜು ತಪ್ಪಿ, ಬೇಗ ಹಾರಿದ. ಚೆಂಡು ಬೆರಳುಗಳ ಮೇಲಿಂದ ಹೋಯಿತು. ಜಕೋಬಿ ಜೋನ್ಸ್ ಹಿಡಿದು ಗೆರೆ ದಾಟಿದ. 70 ಗಜದ ಟಚ್‌ಡೌನ್, 35-35, ಉಳಿದದ್ದು 31 ಸೆಕೆಂಡ್.

ಮುಂದಿನದ್ದು ಕೋಚ್ ಬಗ್ಗೆ. ಡೆನ್ವರ್ ಬಳಿ ಇನ್ನೂ ಟೈಮ್‌ಔಟ್ ಇತ್ತು, ಕೈಯಲ್ಲಿ ಪೇಟನ್ ಮ್ಯಾನಿಂಗ್ ಇದ್ದ. ಕೋಚ್ ಜಾನ್ ಫಾಕ್ಸ್ ಅಂಕಕ್ಕೆ ಪ್ರಯತ್ನಿಸದೆ ಮೊಣಕಾಲೂರಿ ಸಮಯ ಕಳೆಯಲು ಹೇಳಿದ. ಓವರ್‌ಟೈಮ್‌ನಲ್ಲಿ ಪೇಟನ್ ಒಂದು ಇಂಟರ್‌ಸೆಪ್ಶನ್ ಎಸೆದ, ಅಂದರೆ ಅವನ ಪಾಸ್ ಎದುರಾಳಿಯ ಕೈಗೆ ಹೋಯಿತು. ಎರಡನೇ ಓವರ್‌ಟೈಮ್‌ನಲ್ಲಿ ರೇವನ್ಸ್‌ನ ಜಸ್ಟಿನ್ ಟಕರ್ 47 ಗಜದ ಫೀಲ್ಡ್ ಗೋಲ್ (ಚೆಂಡು ಒದ್ದು ಪಡೆಯುವ ಮೂರು ಅಂಕ) ಹೊಡೆದ. 38-35. ಆ ಇಂಟರ್‌ಸೆಪ್ಶನ್ ಪೇಟನ್‌ನದ್ದೇ ತಪ್ಪು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದು ಬರೋದಕ್ಕೆ ಮುಂಚೆಯೇ ಪಂದ್ಯ ಮುಗಿದಿರಬೇಕಿತ್ತು.

ಈಗ ಮೂರ್ ಆ ಚೆಂಡನ್ನು ಸುಮ್ನೆ ಕೆಳಗೆ ತಟ್ಟಿದ್ದ ಅಂದುಕೊಳ್ಳಿ. ನಿಜವಾಗಿ ಆ ವರ್ಷದ ಪ್ಲೇಆಫ್‌ನಲ್ಲಿ ಫ್ಲ್ಯಾಕೋ 11 ಟಚ್‌ಡೌನ್, ಸೊನ್ನೆ ಇಂಟರ್‌ಸೆಪ್ಶನ್ ಮಾಡಿ ನಾಲ್ಕಕ್ಕೆ ನಾಲ್ಕು ಗೆದ್ದು ಕಪ್ ಎತ್ತಿದ. ಆತನ ಒಟ್ಟು ದಾಖಲೆ 10-6. ಮೂರ್ ತಟ್ಟಿದ್ದರೆ ಡೆನ್ವರ್ ವಿರುದ್ಧದ ಗೆಲುವು ಹೋಗಿ ಸೋಲಾಗುತ್ತಿತ್ತು, ಮುಂದಿನ ಎರಡು ಗೆಲುವು ಇರುತ್ತಲೇ ಇರಲಿಲ್ಲ. 7-7. ‘ದೊಡ್ಡ ಪಂದ್ಯದ ಆಟಗಾರ’ ಅನ್ನುವ ಬಿರುದು ಅಲ್ಲೇ ಬಿದ್ದುಹೋಗುತ್ತಿತ್ತು.

ಪೇಟನ್ ಕಡೆ ನೋಡಿ, ಇನ್ನೂ ತಮಾಷೆಯಾಗಿದೆ. ಆ ಪಂದ್ಯ ಗೆದ್ದು, ಮುಂದಿನದ್ದು ಸೋತಿದ್ದರೆ 14-13 ಬದಲು 15-13. ಸೋಲಿನ ಅಂಕಿ ಅಲುಗಾಡುವುದೇ ಇಲ್ಲ! ಕಪ್ ಗೆದ್ದರೆ ಮಾತ್ರ 12. ಮೇಲಿನ ಸೂತ್ರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಇದನ್ನು ಪೆನ್ಸಿಲ್‌ನಲ್ಲಿ ತಿದ್ದಿ ನೋಡಿದಾಗಲೇ.

ಪೇಟನ್‌ನ ಎರಡು ಕಪ್‌ಗಳ ಕಥೆಯೂ ಹೀಗೇ. 2006ರಲ್ಲಿ ಗೆದ್ದಾಗ ನಾಲ್ಕು ಪಂದ್ಯಗಳಲ್ಲಿ 3 ಟಚ್‌ಡೌನ್, 7 ಇಂಟರ್‌ಸೆಪ್ಶನ್. ಬಾಲ್ಟಿಮೋರ್ ವಿರುದ್ಧ 15-6, ಆ ಹದಿನೈದೂ ಕಿಕ್ಕರ್ ಆಡಮ್ ವಿನಾಟಿಯೇರಿಯ ಐದು ಫೀಲ್ಡ್ ಗೋಲ್‌ಗಳಿಂದ. 2013ರಲ್ಲಿ ಲೀಗ್‌ನಲ್ಲಿ 55 ಟಚ್‌ಡೌನ್ ಪಾಸ್ ಎಸೆದು ದಾಖಲೆ ಬರೆದ, ಸೂಪರ್ ಬೌಲ್‌ನಲ್ಲಿ 43-8ರಿಂದ ಸೋತ. 2015ರಲ್ಲಿ ತೋಳಲ್ಲಿ ಶಕ್ತಿಯೇ ಇರಲಿಲ್ಲ, ಲೀಗ್‌ನಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಶನ್. ಆ ವರ್ಷ ಕಪ್! ಅದನ್ನು ಗೆದ್ದುಕೊಟ್ಟದ್ದು ಡಿಫೆನ್ಸ್.

ಕೋಚ್‌ಗಳ ಲೆಕ್ಕ

ಇದನ್ನು ಬೇಗ ಮುಗಿಸುತ್ತೇನೆ, ಸೂತ್ರ ಅದೇ. ಮಾರ್ಟಿ ಶಾಟನ್‌ಹೈಮರ್ ಲೀಗ್‌ನಲ್ಲಿ 200 ಪಂದ್ಯ ಗೆದ್ದವನು. ಪ್ಲೇಆಫ್‌ನಲ್ಲಿ 5-13. ಹದಿಮೂರು ಸಲ ಒಳಗೆ ಹೋದ ಅಂತ ಓದಿಕೊಂಡರೂ, ನನ್ನ ಶಾರ್ಟ್‌ಕಟ್‌ನಲ್ಲಿ 0.38. ಅದು ಕಡಿಮೆಯೇ. ಅವನನ್ನು ಪೂರ್ತಿ ಬಚಾವು ಮಾಡಲು ನನ್ನಿಂದ ಆಗಲಿಲ್ಲ. ಆದರೂ 2006ರ ಕೊನೆಯ ಸೋಲು ನೋಡಿ. ಲೀಗ್‌ನಲ್ಲಿ 14-2 ಮಾಡಿದ ಅವನ ಚಾರ್ಜರ್ಸ್ ಮುಂದಿತ್ತು. ನಾಲ್ಕನೇ ಡೌನ್ (ಕೊನೆಯ ಪ್ರಯತ್ನ), ಬ್ರೇಡಿ ಎಸೆದ ಪಾಸನ್ನು ಚಾರ್ಜರ್ಸ್‌ನ ಮಾರ್ಲನ್ ಮೆಕ್ರೀ ಹಿಡಿದ. ಹಿಡಿದು ನೆಲಕ್ಕೆ ಬಿದ್ದಿದ್ದರೆ ಮುಗಿಯಿತು. ಓಡಲು ಹೋದ. ಟ್ರಾಯ್ ಬ್ರೌನ್ ಚೆಂಡು ಕಿತ್ತುಹಾಕಿದ, ಪೇಟ್ರಿಯಟ್ಸ್‌ಗೆ ಮತ್ತೆ ಸಿಕ್ಕಿತು, 24-21ರಿಂದ ಗೆದ್ದರು. ಬ್ರೇಡಿಯ 35 ಗೆಲುವುಗಳಲ್ಲಿ ಇದೂ ಒಂದು. ಶಾಟನ್‌ಹೈಮರ್ ಮುಂದಿನ ತಿಂಗಳು ಕೆಲಸ ಕಳೆದುಕೊಂಡ.

ಆಂಡಿ ರೀಡ್ ಕ್ಯಾನ್ಸಸ್ ಸಿಟಿಯಲ್ಲಿ ಮಹೋಮ್ಸ್ ಆಡಲು ಶುರು ಮಾಡುವ ಮುಂಚೆ 1-4. ಆಮೇಲೆ 2024ರವರೆಗೆ 17-4. ಕೋಚ್ ಅದೇ, ಊರು ಅದೇ. ‘ದೊಡ್ಡ ಪಂದ್ಯ ಗೆಲ್ಲಲಾರ’ ಅಂತ ಅವನನ್ನು ಆಡಿಕೊಂಡವರು ಈಗ ಆ ಮಾತೇ ಎತ್ತುವುದಿಲ್ಲ. ಬೆಲಿಚಿಕ್‌ನ 31 ಗೆಲುವಿನಲ್ಲಿ 30 ಬ್ರೇಡಿ ಜೊತೆಗಿನವು. ಯಾರು ಯಾರನ್ನು ಎತ್ತಿದರು ಅಂತ ಈ ಅಂಕಿಯಿಂದ ಬಿಡಿಸಲು ಹೋಗಬೇಡಿ, ನಾನು ಒಂದು ಭಾನುವಾರ ಹಾಳು ಮಾಡಿಕೊಂಡಿದ್ದೇನೆ.

ಕೊನೆಗೊಂದು: ಹೆಸರು ಯಾರದ್ದು?

ಗೆಲುವು ಬರೆಯುವುದು ಪಂದ್ಯ ಶುರು ಮಾಡಿದ ಕ್ವಾರ್ಟರ್‌ಬ್ಯಾಕ್ ಹೆಸರಿಗೆ. ಮುಗಿಸಿದವನಿಗಲ್ಲ. 2001ರ ಸೀಸನ್ನಿನ ಎಎಫ್‌ಸಿ (ಎರಡು ಕಾನ್ಫರೆನ್ಸ್‌ಗಳಲ್ಲಿ ಒಂದು) ಫೈನಲ್‌ನಲ್ಲಿ ಬ್ರೇಡಿ ಕಣಕಾಲಿಗೆ ಪೆಟ್ಟಾಗಿ ಎರಡನೇ ಕ್ವಾರ್ಟರ್‌ನಲ್ಲೇ ಹೊರಗೆ ಹೋದ. ಟಚ್‌ಡೌನ್ ಪಾಸ್ ಎಸೆದು ಪಂದ್ಯ ಮುಗಿಸಿದ್ದು ಡ್ರೂ ಬ್ಲೆಡ್‌ಸೋ. ಗೆಲುವು ಬ್ರೇಡಿಯದ್ದು.

ಅದಕ್ಕಿಂತ ಮಜಾ 1965ರ ಡಿಸೆಂಬರ್ 26ರದ್ದು, ಗ್ರೀನ್ ಬೇಯಲ್ಲಿ. ಪ್ಯಾಕರ್ಸ್‌ನ ಬಾರ್ಟ್ ಸ್ಟಾರ್‌ನ ಪ್ಲೇಆಫ್ ದಾಖಲೆ 9-1. ಆ ಒಂಬತ್ತರಲ್ಲಿ ಇದೂ ಸೇರಿದೆ. ಮೊದಲ ಪ್ಲೇನಲ್ಲೇ ಪ್ಯಾಕರ್ಸ್ ಚೆಂಡು ಕಳೆದುಕೊಂಡಿತು. ಅದನ್ನು ಹಿಡಿದು ಓಡುತ್ತಿದ್ದವನನ್ನು ತಡೆಯಲು ಹೋಗಿ ಸ್ಟಾರ್ ಗಾಯಗೊಂಡ. ಉಳಿದ ಪಂದ್ಯವಿಡೀ ಪಾಸ್ ಎಸೆದದ್ದು ಜೀಕ್ ಬ್ರಾಟ್ಕೋವ್ಸ್ಕಿ. ಎದುರಾಳಿ ಬಾಲ್ಟಿಮೋರ್ ಕೋಲ್ಟ್ಸ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ, ಜಾನಿ ಯುನಿಟಾಸ್ ಸೇರಿ, ಮೊದಲೇ ಗಾಯಗೊಂಡಿದ್ದರು. ಚೆಂಡು ಹಿಡಿದು ಓಡುವ ಕೆಲಸದ ಟಾಮ್ ಮ್ಯಾಟಿಯನ್ನೇ ಆ ಜಾಗಕ್ಕೆ ನಿಲ್ಲಿಸಿದರು. ಅವನು ಪ್ಲೇಗಳ ಪಟ್ಟಿ ಬರೆದು ಮಣಿಕಟ್ಟಿಗೆ ಕಟ್ಟಿಕೊಂಡು ಬಂದಿದ್ದ. ಆಟ ಓವರ್‌ಟೈಮ್‌ಗೆ ಹೋಗಿ ಪ್ಯಾಕರ್ಸ್ 13-10ರಿಂದ ಗೆದ್ದಿತು. ದಾಖಲೆ ಪುಸ್ತಕದಲ್ಲಿ ಗೆಲುವು ಸ್ಟಾರ್‌ನದು. ಮ್ಯಾಟಿಯ ಆ ಮಣಿಪಟ್ಟಿ ಈಗ ಓಹಾಯೋದ ಹಾಲ್ ಆಫ್ ಫೇಮ್‌ನಲ್ಲಿದೆ.