ಕ್ಯಾರೆಟ್ ಸಸಿ ಕೇಳ್ಬೇಡಿ, ಬೀಜ ತಗೊಂಡು ಹೋಗಿ

ದೀಪಾವಳಿ ಹತ್ರ ಬಂತು ಅಂದ್ರೆ ಸಾಕು, ಶಿರಸಿಯ ನಮ್ಮ ನರ್ಸರಿಗೆ ದಿನಾ ನಾಲ್ಕು ಜನ ಆದ್ರೂ ಬಂದು ಕೇಳೋದು ಒಂದೇ, "ಅಣ್ಣಾ, ಕ್ಯಾರೆಟ್ ಸಸಿ ಬಂಜಾ?" ಬಂದಿಲ್ಲ, ಬರೋದೂ ಇಲ್ಲ. ಇಷ್ಟು ವರ್ಷದಿಂದ ಬದನೆ, ಮೆಣಸು, ಎಲೆಕೋಸು ಸಸಿ ಮಾಡಿ ಮಾರ್ತಾ ಇದ್ದೇನೆ, ಕ್ಯಾರೆಟ್ ಸಸಿ ಮಾತ್ರ ಒಂದು ಟ್ರೇನೂ ಮಾಡಿಲ್ಲ. ಬೇರೆ ಕಡೆ ಮಾರ್ತಾರೆ, ಗೊತ್ತು. ನೋಡ್ಲಿಕ್ಕೆ ಹಸಿರಾಗಿ ಚಂದ ಇರ್ತದೆ, ಅದನ್ನ ತಂದು ನೆಟ್ಟು ಮೂರು ತಿಂಗಳು ಕೊಡದಲ್ಲಿ ನೀರು ಹೊತ್ತು ಹಾಕಿ, ಕವಲೊಡೆದ ಕ್ಯಾರೆಟ್ ಕಿತ್ತವರ ಮುಖ ಕೊನೆಗೆ ನೋಡೋನು ನಾನು, ಅದಕ್ಕೇ ಸಿಟ್ಟು ಬರೋದು.

ತಪ್ಪು ಜನರದ್ದು ಅಂತಾನೂ ಹೇಳ್ಲಿಕ್ಕಾಗೋದಿಲ್ಲ. ನಮ್ಮ ಕಡೆ ತರಕಾರಿ ಅಂದ್ರೆ ಮೊದಲು ಮಡಿ ಮಾಡಿ ಬೀಜ ಚೆಲ್ಲೋದು, ಆಮೇಲೆ ಸಸಿ ಕಿತ್ತು ನೆಡೋದು, ಭತ್ತದಿಂದ ಹಿಡಿದು ಹಂಗೇ ನಡ್ಕೊಂಡು ಬಂದಿದೆ. ಕುಮಟಾ ಕಡೆ ಸಿಹಿ ಈರುಳ್ಳೀನ ಬೇಸಿಗೇಲಿ ಹೆದ್ದಾರಿ ಪಕ್ಕ ಗೊಂಚಲು ಕಟ್ಟಿ ನೇತು ಹಾಕಿರ್ತಾರಲ್ಲ, ಅದೂ ಸಸಿ ಕಿತ್ತು ನೆಟ್ಟಿದ್ದೇ. ಆದ್ರೆ ಈರುಳ್ಳೀಲಿ ನಾವು ತಿನ್ನೋದು ಬೇರಲ್ಲ, ಎಲೆಯ ಬುಡ ದಪ್ಪ ಆಗಿದ್ದು. ಕೀಳುವಾಗ ಬೇರು ಹರಿದ್ರೆ ಹೊಸ ಬೇರು ಬರ್ತದೆ, ಗಡ್ಡೆಗೇನೂ ಆಗೋದಿಲ್ಲ. ಬದನೆಗಂತೂ ಬೇರು ಕವಲೊಡೆದ್ರೆ ಒಳ್ಳೇದೇ. ಕ್ಯಾರೆಟ್ಟಲ್ಲಿ ತಿನ್ನೋದೇ ಆ ತಾಯಿಬೇರನ್ನ, ಅದರ ತುದಿ ತುಂಡಾದ್ರೆ ಅದು ಅಲ್ಲಿಗೇ ನಿಂತು ಪಕ್ಕದಿಂದ ಎರಡೋ ಮೂರೋ ಬೇರು ಹೊರಡ್ತದೆ, ಎಲ್ಲವೂ ದಪ್ಪ ಆಗ್ತಾ ಹೋಗ್ತದೆ. ಅದೇ ನಿಮ್ಮ ಕವಲು ಕವಲು ಕ್ಯಾರೆಟ್. ಮೇಲೆ ಎಷ್ಟು ಗೊಬ್ಬರ ಹಾಕಿದ್ರೂ ತುಂಡಾದ ತುದಿ ಮತ್ತೆ ಕೂಡೋದಿಲ್ಲ.

ಬಾಯಲ್ಲಿ ಹೇಳಿದ್ರೆ ನಂಬೋದಿಲ್ಲ ಅಂತ ಒಂದು ಗಾಜಿನ ಲೋಟಕ್ಕೆ ಮರಳು ಮಣ್ಣು ತುಂಬಿ, ಅಂಚಿಗೆ ತಾಗಿಸಿ ಬೀಜ ಹಾಕಿ ಕೌಂಟರ್ ಮೇಲೆ ಇಡ್ತೇನೆ, ಸುತ್ತ ಕಪ್ಪು ಕಾಗದ ಸುತ್ತಿ. ಕಳೆದ ಸಲ ಸಿದ್ದಾಪುರ ರಸ್ತೆ ಕಡೆಯ ಒಬ್ರು ಅತ್ತೆ ಚೀಲದಿಂದ ಕಾಲು ಕಾಲಿನ ಕ್ಯಾರೆಟ್ ತೆಗೆದು "ಇದಕ್ಕೆಂತ ಆತೋ ತಮ್ಮಾ" ಅಂತ ಕೇಳಿದಾಗ ಆ ಕಾಗದ ಬಿಚ್ಚಿ ತೋರಿಸ್ದೆ. ಮೇಲೆ ಹುಲ್ಲಿನ ಹಾಗಿರೋ ಎರಡು ಸಣ್ಣ ಎಲೆ, ಒಳಗಿನ ಗರಿ ಎಲೆ ಇನ್ನೂ ಸರಿಯಾಗಿ ಬಿಚ್ಚಿರಲಿಲ್ಲ, ಕೆಳಗೆ ನೋಡಿದ್ರೆ ಗಾಜಿಗೆ ಅಂಟಿಕೊಂಡು ಹೊಲಿಗೆ ದಾರದಷ್ಟು ತೆಳ್ಳಗಿನ ಬಿಳಿ ಬೇರು ಬೆರಳುದ್ದ ಇಳಿದಿತ್ತು. ಅತ್ತೆ ಕನ್ನಡಕ ಸರಿ ಮಾಡ್ಕೊಂಡು ಸುಮಾರು ಹೊತ್ತು ನೋಡಿದ್ರು. ಮೊದಲು ಉದ್ದ ಇಳಿಯೋದು, ದಪ್ಪ ಆಗೋದು ಆಮೇಲೆ. ಕೀಳ್ಲಿಕ್ಕೆ ಕೈಗೆ ಸಿಗುವಷ್ಟು ಸಸಿ ದೊಡ್ಡದಾಗೋ ಹೊತ್ತಿಗೆ ಬೇರು ಟ್ರೇಯ ತಳ ಮುಟ್ಟಿ ಸುತ್ತಿಕೊಂಡಿರ್ತದೆ. ಕಾಗದದ ಉದ್ದ ಕೊಳವೇಲಿ ಬೆಳೆಸಿ ಬೇರಿಗೆ ಕೈ ತಾಗದ ಹಾಗೆ ಕೊಳವೆ ಸಮೇತ ಇಳಿಸಿದ್ರೆ ಕೆಲವು ಸಲ ಸರಿ ಬರ್ತದೆ, ಆದ್ರೆ ಬೀಜ ನೇರ ಹಾಕೋದು ಇಷ್ಟು ಸುಲಭ ಇರುವಾಗ ಆ ಕಷ್ಟ ಎಂತಕ್ಕೆ?

ಕವಲು ಕಂಡಿದ್ದಕ್ಕೆಲ್ಲ ಇದೊಂದೇ ಕಾರಣ ಅಂತ ಹೇಳ್ತಾ ಇಲ್ಲ, ಗಡ್ಡೆ ನೋಡದೇ ಖಾತ್ರಿ ಹೇಳೋದೂ ಇಲ್ಲ. ನಮ್ಮ ಚಿರೆಕಲ್ಲಿನ ಮಣ್ಣಲ್ಲಿ ಹರಳು ಅಡ್ಡ ಬಂದ್ರೂ, ಹಸಿ ಸಗಣಿ ಹಾಕಿದ್ರೂ ಕವಲಾಗ್ತದೆ. ಬೇರಿನ ಮೇಲೆ ಸಣ್ಣ ಸಣ್ಣ ಗಂಟು ಕಂಡ್ರೆ ಅದು ಗಂಟುಹುಳದ್ದು (ಮಣ್ಣಲ್ಲಿರೋ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ), ಅದು ಕಾಳುಮೆಣಸು, ಬದನೆ, ಟೊಮೆಟೊಗೂ ತಗಲೋದು, ಹಾಗಾಗಿ ಬದನೆ ಕಿತ್ತ ಜಾಗದಲ್ಲಿ ಕ್ಯಾರೆಟ್ ಹಾಕ್ಬೇಡಿ. ಒಂದಡಿ ಆಳ ಅಗೆದು ಕಲ್ಲು ಆರಿಸಿ, ಮರಳು ಮತ್ತೆ ಪೂರ್ತಿ ಕಳಿತ ಗೊಬ್ಬರ ಸೇರಿಸಿ ಎತ್ತರದ ಓಳಿ ಮಾಡಿ. ಅಂಕೋಲಾ, ಕಾರವಾರದ ಕಡಲ ಬದಿಯವರಿಗೆ ಮರಳಿನ ಚಿಂತೆ ಇಲ್ಲ, ಆದ್ರೆ ಸೆಖೆ ಜಾಸ್ತಿ. ಊಟಿ ಕ್ಯಾರೆಟ್ ಬಣ್ಣ, ಉದ್ದ ಅಲ್ಲಿ ನಿರೀಕ್ಷೆ ಮಾಡ್ಬೇಡಿ, ಸೆಖೆ ತಡೆಯೋ ಕುರೋಡ ಜಾತಿ ಹಾಕಿ, ನವೆಂಬರಲ್ಲೇ ಹಾಕಿ.

ಬೀಜ ಅರ್ಧ ಇಂಚಿಗಿಂತ ಕೆಳಗೆ ಹೋಗೋದು ಬೇಡ. ಮೊಳಕೆ ಬರ್ಲಿಕ್ಕೆ ವಾರದಿಂದ ಎರಡು ವಾರ, ಕೆಲವು ಸಲ ಮೂರೂ ಆಗ್ತದೆ, ಅಷ್ಟು ದಿನ ಮೇಲ್ಮಣ್ಣು ಒಣಗಬಾರದು, ಒದ್ದೆ ಗೋಣಿ ಹೊದೆಸಿ, ಐದನೇ ದಿನದಿಂದ ದಿನಾ ಬೆಳಿಗ್ಗೆ ಎತ್ತಿ ನೋಡಿ, ಮೊದಲ ಹಸಿರು ಕಂಡ ದಿನವೇ ಗೋಣಿ ತೆಗೀರಿ.

ಆಮೇಲೆ ಸಸಿ ಮೂರು ಇಂಚು ಆದಾಗ ಎರಡೆರಡು ಇಂಚಿಗೆ ಒಂದು ಉಳಿಸಿ ಬಾಕಿದ್ದು ಕೀಳ್ಬೇಕು. ಇಲ್ಲೇ ಮತ್ತೆ ಅದೇ ತಪ್ಪು, ಬೀಜ ನೇರ ಹಾಕಿದವರೂ ಇಲ್ಲಿ ಮಾಡ್ತಾರೆ, ಕಿತ್ತಿದ್ದನ್ನ ಎಸೀಲಿಕ್ಕೆ ಮನಸ್ಸು ಬರದೇ ಪಕ್ಕದ ಓಳೀಲಿ ನೆಡ್ತಾರೆ. ಅತ್ತೇನೂ ಕೇಳಿದ್ರು, "ಜೀವ ಇದ್ದಿದ್ದನ್ನ ಹೆಂಗೆ ಎಸೆಯದು?" ಅಂತ. ಎಸೀಬೇಡಿ, ಆ ಎಳೆ ಸೊಪ್ಪನ್ನ ಜೀರಿಗೆ, ಕಾಯಿತುರಿ ಹಾಕಿ ತಂಬುಳಿ ಮಾಡಿ ಅಂದೆ. ಮಾರನೇ ವಾರ ಡಬ್ಬೀಲಿ ಅದನ್ನೇ ತಂದು ಕೊಟ್ರು, ಜೊತೆಗೆ ಎರಡು ವರ್ಷ ಹಳೇ ಬೀಜದ ಪ್ಯಾಕೆಟ್ ತೆಗೆದು ಇದು ಹಾಕ್ಲಕ್ಕಾ ಅಂತ ಕೇಳಿದ್ರು. ಒದ್ದೆ ಬಟ್ಟೇಲಿ 20 ಬೀಜ ಸುತ್ತಿಡಿ, ಎರಡು ವಾರದಲ್ಲಿ 10 ಆದ್ರೂ ಮೊಳಕೆ ಬಂದ್ರೆ ಸ್ವಲ್ಪ ದಟ್ಟ ಹಾಕಿ, ಇಲ್ಲದಿದ್ರೆ ಹೊಸಾದು ತಗೊಳ್ಳಿ ಅಂದೆ.