ಪುಟ್ಟ ಹಾಯಿದೋಣಿ ಮಗುಚುವುದು ಯಾವಾಗ?

ಹಾಯಿದೋಣಿ ಕೊಳ್ಳಲು ಹೋದವರು ಸಾಮಾನ್ಯವಾಗಿ ದಡಕ್ಕೆ ಕಟ್ಟಿದ ದೋಣಿಯೊಳಗೆ ಒಂದು ಕಾಲಿಟ್ಟು ನೋಡುತ್ತಾರೆ. ಅಲ್ಲಾಡಿದರೆ ಭಯ. ಅಲ್ಲಾಡದಿದ್ದರೆ ಧೈರ್ಯ. ಈ ಪರೀಕ್ಷೆಯನ್ನು ದಯವಿಟ್ಟು ನಂಬಬೇಡಿ. ಕಾಲಿಗೆ ನೆಲದಷ್ಟು ಗಟ್ಟಿ ಅನಿಸಿದ ದೋಣಿ, ಮಗುಚಿದ ಮೇಲೆ ತಲೆಕೆಳಗಾಗಿಯೂ ಅಷ್ಟೇ ಗಟ್ಟಿಯಾಗಿ ನಿಂತುಬಿಡಬಹುದು.

ನಮ್ಮ ಹರಿಗೋಲನ್ನೇ ನೆನಪು ಮಾಡಿಕೊಳ್ಳಿ. ಅದರ ಬಲವೆಲ್ಲ ಅಗಲದಲ್ಲಿದೆ. ಒಂದು ಕಡೆ ವಾಲಿದರೆ ಆ ಕಡೆಯ ತಳ ಜಾಸ್ತಿ ಮುಳುಗುತ್ತದೆ, ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಅಂಬಿಗ ಎಲ್ಲರನ್ನೂ ಸುತ್ತ ಕೂರಿಸಿ, ಏಳಬೇಡಿ ಅನ್ನುತ್ತಾನಲ್ಲ, ಅದು ಸುಮ್ನೆ ಅಲ್ಲ. ಭಾರ ತಗ್ಗಿನಲ್ಲಿರಬೇಕು, ಒಂದೇ ಕಡೆ ಬೀಳಬಾರದು. ಅಂಚು ನೀರಿಗಿಳಿದರೆ ಅಗಲದ ಆಟ ಮುಗಿಯಿತು.

ಎರಡು ಒಡಲುಗಳನ್ನು ಪಕ್ಕಪಕ್ಕ ಜೋಡಿಸಿದ ಅಮೆರಿಕದ ಹೋಬಿ 16 ಎಂಬ ಜೋಡಿದೋಣಿಯೂ ಅಗಲವನ್ನೇ ನಂಬಿದೆ. ಉದ್ದ ಸುಮಾರು 5 ಮೀಟರ್, ಅಗಲ 2.4 ಮೀಟರ್. ಮೊದಮೊದಲು ವಾಲುವುದೇ ಇಲ್ಲ. ಆದರೆ ಪೂರ್ತಿ ತಲೆಕೆಳಗಾದರೆ ಆ ಅಗಲವೇ ಅದನ್ನು ಹಾಗೇ ಹಿಡಿದಿಡುತ್ತದೆ.

ಇನ್ನೊಂದು ದಾರಿ ತಳದಲ್ಲಿ ಭಾರ ಇಡುವುದು. ತಳ್ಳಿದರೂ ಎದ್ದು ನಿಲ್ಲುವ ಬೊಂಬೆ ಇದೆಯಲ್ವಾ, ಅದೇ ಉಪಾಯ. ಕಾರ್ಲ್ ಆಲ್ಬರ್ಗ್ ವಿನ್ಯಾಸ ಮಾಡಿದ ಕೇಪ್ ಡೋರಿ ಟೈಫೂನ್ ಐದೂವರೆ ಮೀಟರ್ ಚಿಲ್ಲರೆ ಉದ್ದದ ದೋಣಿ. ತೂಕ ಸುಮಾರು 900 ಕಿಲೋ. ಅದರಲ್ಲಿ 400 ಕಿಲೋದಷ್ಟು ಭಾರ ತಳದಿಂದ ನೀರೊಳಕ್ಕೆ ಚಾಚಿದ ಕೀಲ್ ಎಂಬ ಭಾಗದಲ್ಲೇ ಇದೆ. ಇಂಥ ದೋಣಿಗೆ ಕಾಲಿಟ್ಟರೆ ತುಸು ವಾಲುತ್ತದೆ. ವಾಲಿದಷ್ಟೂ ಕೆಳಗಿನ ಭಾರ ಪಕ್ಕಕ್ಕೆ ಸರಿದು ಹಿಂದಕ್ಕೆ ಎಳೆಯುತ್ತದೆ. ಹಾಯಿಯೂ ಬಾಗಿ ಗಾಳಿಯನ್ನು ಬಿಟ್ಟುಕೊಡುತ್ತದೆ. ಮಗುಚುವುದು ಬಲು ಕಷ್ಟ. ಆದರೆ ಕೀಲ್ ಇದ್ದ ಮಾತ್ರಕ್ಕೆ ದೋಣಿ ಮುಳುಗುವುದಿಲ್ಲ ಅಂತಲ್ಲ. ಒಳಗೆ ನೀರು ತುಂಬಿದರೆ ಅದೇ ಭಾರ ತಳಕ್ಕೆ ಎಳೆದೊಯ್ಯುತ್ತದೆ. ಒಳಗೆ ಫೋಮ್ ಅಥವಾ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿವೆಯೇ ಎಂದು ಕೇಳಲೇಬೇಕು.

ದೊಡ್ಡ ದೋಣಿಗಿಂತ ಚಿಕ್ಕದು ಬೇಗ ಮಗುಚುವುದೇಕೆ? ನನಗೆ ತುಂಬ ಇಷ್ಟವಾದ ಲೆಕ್ಕ ಇದು. ಒಂದು ದೋಣಿಯ ಎಲ್ಲ ಅಳತೆಗಳನ್ನೂ 2 ಪಟ್ಟು ಮಾಡಿ. ಹಾಯಿಯ ವಿಸ್ತಾರ 4 ಪಟ್ಟು, ಅದರ ಎತ್ತರ 2 ಪಟ್ಟು. ಹಾಗಾಗಿ ಗಾಳಿ ಉರುಳಿಸಲು ಹಾಕುವ ಶಕ್ತಿ 8 ಪಟ್ಟು. ಇತ್ತ ತೂಕ 8 ಪಟ್ಟು. ಆ ತೂಕ ದೋಣಿಯನ್ನು ನೆಟ್ಟಗೆ ಎಳೆಯುವ ಸನ್ನೆಗೋಲೂ 2 ಪಟ್ಟು ಉದ್ದ. ಅಂದರೆ ನೆಟ್ಟಗೆ ನಿಲ್ಲಿಸುವ ಶಕ್ತಿ 16 ಪಟ್ಟು! ಅಳತೆ ಅರ್ಧಕ್ಕಿಳಿಸಿದರೆ ಇದೆಲ್ಲ ತಿರುಗುಮುರುಗು. ದೊಡ್ಡ ಹಡಗಿನ ಅಂದವಾದ ನಕಲಿನಂತಿರುವ ಪುಟಾಣಿ ದೋಣಿಗಳನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ.

ಗಾಳಿಯ ಲೆಕ್ಕ ಇನ್ನೂ ಕಟು. ವೇಗ 10 ನಾಟ್‌ನಿಂದ (ಗಂಟೆಗೆ ಸುಮಾರು 18.5 ಕಿ.ಮೀ.) 20ಕ್ಕೆ ಏರಿದರೆ ಒತ್ತಡ 4 ಪಟ್ಟಾಗುತ್ತದೆ. ಹಾಯಿಯನ್ನು ಸುಲಭವಾಗಿ ಮಡಚಿ ಚಿಕ್ಕದು ಮಾಡಲು ಬರುವ ದೋಣಿಗೆ ನನ್ನ ಮತ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ನೇತ್ರಾ ಕುಮನನ್ ಓಡಿಸಿದ, ಒಬ್ಬರೇ ಓಡಿಸುವ ಪುಟ್ಟ ದೋಣಿ ಲೇಸರ್ ರೇಡಿಯಲ್ ನೆನಪಿದೆಯೇ? ಒಡಲು ಮಾಮೂಲಿ ಲೇಸರ್‌ನದೇ. ಹಾಯಿ ಮಾತ್ರ 7 ಚದರ ಮೀಟರ್ ಬದಲು 5.7ರಷ್ಟು. ಹಗುರ ಮೈಯವರು ಅದೇ ದೋಣಿಯನ್ನು ಹಿಡಿತದಲ್ಲಿಟ್ಟುಕೊಳ್ಳಲು ಅಷ್ಟು ಸಾಕು.

ಲೇಸರ್‌ನ ಒಡಲಿನ ತೂಕ 59 ಕಿಲೋ. ಓಡಿಸುವವರ ಮೈತೂಕವೇ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಇಲ್ಲಿ ಕೀಲ್‌ನ ಭಾರವಿಲ್ಲ. ಅಂಚಿನಿಂದ ಹೊರಕ್ಕೆ ವಾಲಿದ ಮನುಷ್ಯನೇ ಆ ಭಾರ. ಮಗುಚುವುದು ಇದರ ದಿನನಿತ್ಯದ ಕತೆ, ಅದನ್ನು ಒಪ್ಪಿಕೊಂಡೇ ಇದನ್ನು ಕಟ್ಟಿದ್ದಾರೆ. ಕೊಳ್ಳುವ ಮುಂಚೆ ಲೈಫ್ ಜಾಕೆಟ್ ಹಾಕಿ, ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು, ದಡದ ಹತ್ತಿರದ ಶಾಂತ ನೀರಿನಲ್ಲಿ ಬೇಕೆಂದೇ ಮಗುಚಿ ನೋಡಿ. ಹಾಯಿಯ ಹಗ್ಗ ಸಡಿಲ ಬಿಡಿ. ತಳದಿಂದ ಚಾಚಿಕೊಂಡ ಹಲಗೆಯ ಮೇಲೆ ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಹಾಯಿಕಂಬ ಮೆಲ್ಲಗೆ ಮೇಲೇಳುತ್ತದೆ, ಹಾಯಿಯಿಂದ ನೀರು ಸುರಿಯುತ್ತದೆ, ದೋಣಿ ಒಮ್ಮೆಲೇ ನೆಟ್ಟಗಾಗಿ ನಿಮ್ಮ ಕಡೆ ಬರುತ್ತದೆ.