ಬದುವಿನ ತಂಗಡಿ ಕೀಳಿಸುವ ಮುನ್ನ

ಮುಂಗಾರಿಗೆ ಮೊದಲು ಹೊಲ ಹಸನು ಮಾಡಲು ಜೆಸಿಬಿ ಬಂತೆಂದರೆ ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಕಡೆ ಮೊದಲು ನೆಲ ಬಿಡುವುದು ಬದುವಿನ ತಂಗಡಿ. ಆವರಿಕೆ ಅಂತಲೂ ಕರೆಯುವ ಹಳದಿ ಹೂವಿನ ಗಿಡ. "ದನ ಮೂಸಲ್ಲ, ಕುರಿ ತಿನ್ನಲ್ಲ, ಇದ್ರಿಂದ ಏನ್ ಉಪಯೋಗ ಸಾರ್?" ಅಂತ ರೈತರು ಕೇಳುತ್ತಾರೆ. ತಿನ್ನದಿರುವುದೇ ದೊಡ್ಡ ಉಪಯೋಗ. ಬೇಸಿಗೆ ಪೂರ್ತಿ ಕುರಿಮಂದೆ ಓಡಾಡುವ ಈ ಸೀಮೆಯಲ್ಲಿ ಬೇಲಿ, ನೀರು ಎರಡೂ ಇಲ್ಲದೆ ಮಸಾರಿ ಮಣ್ಣಿನ ಬದುವನ್ನು ಹಿಡಿದು ನಿಲ್ಲುವ ಗಿಡ ಬೇರೆ ಎಷ್ಟಿವೆ?

ಒಂದು ತಪ್ಪು ಕಲ್ಪನೆ ಮಾತ್ರ ಬಿಡಬೇಕು. ದ್ವಿದಳ ಜಾತಿಯದ್ದು, ಬೇರಿನಿಂದಲೇ ಸಾರಜನಕ ಕೊಡುತ್ತದೆ ಎಂದು ತರಬೇತಿಗಳಲ್ಲೂ ಹೇಳುವುದುಂಟು. ಒಂದು ಶೇಂಗಾ ಗಿಡ, ಒಂದು ಎಳೆ ತಂಗಡಿ ಕಿತ್ತು ಮಣ್ಣು ತೊಳೆದು ನೋಡಿ. ಶೇಂಗಾ ಬೇರಿನ ತುಂಬ ಸಾರಜನಕ ಹಿಡಿಯುವ ಗಂಟುಗಳಿರುತ್ತವೆ, ತಂಗಡಿಯ ಬೇರು ಬೋಳು. ಅದರ ಗೊಬ್ಬರ ಇರುವುದು ಸೊಪ್ಪಿನಲ್ಲಿ. ಮಳೆ ಹಿಡಿದ ಮೇಲೆ ಬುಡದಿಂದ ಒಂದಡಿ ಬಿಟ್ಟು ಸವರಿ, ಸೊಪ್ಪನ್ನು ಮಣ್ಣಿಗೆ ಸೇರಿಸಿ. ಗಿಡ ಮತ್ತೆ ಚಿಗುರುತ್ತದೆ.

ಇದರ ಹೂವಿನ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಬೆಳಗ್ಗೆ ಹೂ ಬಿಟ್ಟ ಗಿಡದ ಹತ್ತಿರ ನಿಲ್ಲಿ. ಈ ಹೂವಿನಲ್ಲಿ ಮಕರಂದ ಇಲ್ಲ, ಇರುವುದು ಪರಾಗ ಮಾತ್ರ. ಅದೂ ಕೇಸರಗಳ ತುದಿಯ ಸಣ್ಣ ರಂಧ್ರದಿಂದಲೇ ಉದುರಬೇಕು. ಮರ ಕೊರೆದು ಗೂಡು ಮಾಡುವ ದಪ್ಪ ಕಪ್ಪು ದುಂಬಿ ಬಂದು ಕೇಸರ ತಬ್ಬಿಕೊಳ್ಳುತ್ತದೆ, ರೆಕ್ಕೆ ಬಡಿಯದೆಯೇ ಮೈ ನಡುಗಿಸುತ್ತದೆ. ಅಲ್ಲಿಯವರೆಗಿನ ಗುಂಯ್ ಸದ್ದು ಥಟ್ಟನೆ ಚೂಪಾಗುತ್ತದೆ, ಹಳದಿ ಪುಡಿ ಅದರ ಹೊಟ್ಟೆಗೆ ಚಿಮ್ಮುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ಬದನೆ, ಟೊಮ್ಯಾಟೊ ಹೂವಿಗೂ ಇದೇ ನಡುಕ ಸಿಕ್ಕರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ತರಕಾರಿ ಬೆಳೆ ಇಲ್ಲದ ತಿಂಗಳುಗಳಲ್ಲಿ ಆ ದುಂಬಿಗೆ ಆಹಾರ ಎಲ್ಲಿಂದ ಬರಬೇಕು, ಯೋಚಿಸಿ.

ತೊಗಲು ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದ ಕಾಲ ಹೆಚ್ಚುಕಡಿಮೆ ಮುಗಿದಿದೆ. ಈಗ ಬೇಡಿಕೆ ಒಣ ಹೂವಿಗೆ, ಸಕ್ಕರೆ ಕಾಯಿಲೆಯ ಕಷಾಯಕ್ಕೆಂದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸಕ್ಕರೆ ಇಳಿದಿರುವುದು ನಿಜ. ಅದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಹೂ ಬಿಡಿಸುವಾಗ ಗಿಡದ ಗುರುತೂ ಸರಿಯಿರಲಿ: ಇದೇ ಕುಲದ ಇನ್ನೊಂದು ಹಳದಿ ಹೂವಿನ ಗಿಡ, ದೊಡ್ಡ ತಗಚೆಯ ಬೀಜ ಮಕ್ಕಳಿಗೆ ವಿಷ. ತಂಗಡಿಯಲ್ಲಿ ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲ ಉಪಪತ್ರ, ಅಂದರೆ ಎಲೆಯಂಥ ಪುಟ್ಟ ಭಾಗ, ಇರುತ್ತದೆ.

ಬದು ಬೋಳಾಗಿದ್ದರೆ ಒಣಗಿದ ಕಾಯಿಯ ಬೀಜ ಬಿಡಿಸಿ. ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ಬಹಳಷ್ಟು ಮೊಳೆಯುವುದಿಲ್ಲ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಉಬ್ಬಿದ ಬೀಜಗಳನ್ನು ಮೊದಲ ಹದ ಮಳೆಗೆ ನೇರ ಬದುವಿನಲ್ಲೇ ಊರಿ. ತಾಯಿಬೇರು ಬೇಗ ಆಳಕ್ಕಿಳಿಯುವ ಗಿಡವಾದ್ದರಿಂದ ಪಾಕೀಟಿನಲ್ಲಿ ಬೆಳೆಸುವುದಕ್ಕಿಂತ ಇದೇ ಮೇಲು. ಮೊದಲ ವರ್ಷ ಸುತ್ತಲಿನ ಕಳೆ ಕಿತ್ತರೆ ಸಾಕು.